ಹೆಸರಿನ ಮುಂದಿನ ಗೆರೆ

ನಮ್ಮ ಓಣಿಯಲ್ಲಿ ತಹಾನಿಯನ್ನು ಅವಳ ಹೆಸರಿನಿಂದಲೇ ಕರೆಯುವವರು ಇಬ್ಬರು. ಒಬ್ಬ ಅವಳ ಅಪ್ಪ ಹಿಲ್ಮಿ, ಇನ್ನೊಬ್ಬ ನಾನು. ಉಳಿದವರ ಬಾಯಲ್ಲಿ ಅವಳು ಉಮ್ಮ್ ಶರ್ತಾ, ಎಂದರೆ ಗೆರೆಯಮ್ಮ. ನಮ್ಮಲ್ಲಿ ತಾಯಂದಿರನ್ನು ಹಿರಿಮಗನ ಹೆಸರಿಗೆ ಉಮ್ಮ್ ಸೇರಿಸಿ ಇಂಥವನ ಅಮ್ಮ ಎಂದು ಕರೆಯುವುದು ರೂಢಿ. ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿನ ಹೆಸರಿಗೂ ಇನ್ನೊಂದರ ಹೆಸರಿಗೂ ನಡುವೆ ಒಂದು ಓರೆಗೆರೆ ಬರುತ್ತದಲ್ಲ, ಆ ಗೆರೆ. ಅದರ ಮೇಲೆ ಅವಳು ಇಟ್ಟಷ್ಟು ಕಣ್ಣನ್ನು ಕೆಲವರು ಹೆತ್ತ ಮಕ್ಕಳ ಮೇಲೂ ಇಟ್ಟಿರಲಾರರು. ಅಡ್ಡಹೆಸರು ಕೇಳಿ ಅವಳಿಗೆ ಸಿಟ್ಟೂ ಬರುವುದಿಲ್ಲ. “ನಿಮ್ಗೆಲ್ಲ ಗಂಡುಮಕ್ಳಿಂದ ಬಿರುದು ಬಂತು, ನಂಗೆ ಗೆರೆಯಿಂದ ಬಂತು. ಇದು ಎದುರು ಮಾತಾಡಲ್ಲ, ಅಷ್ಟು ಸಾಕು ಬಿಡಿ” ಎನ್ನುತ್ತಾಳೆ.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಶರ್ತಾ ಎಂದರೆ ಗೆರೆ, ಶುರ್ತಾ ಎಂದರೆ ಪೊಲೀಸು. ನಮ್ಮ ಅರಬ್ಬಿ ಬರವಣಿಗೆಯಲ್ಲಿ ಇಂಥ ಸ್ವರಗಳನ್ನು ಯಾರೂ ಬರೆಯುವುದಿಲ್ಲವಾದ್ದರಿಂದ ಕಾಗದದ ಮೇಲೆ ಎರಡೂ ಒಂದೇ. ಓದುವವನು ಹಿಂದುಮುಂದು ನೋಡಿ ಯಾವುದೆಂದು ತಿಳಿದುಕೊಳ್ಳಬೇಕು. ಒಮ್ಮೆ ಯಾರೋ ಕೀಟಲೆಗೆ ಪಾರ್ಸೆಲ್ಲಿನ ಮೇಲೆ ಅವಳ ಅಡ್ಡಹೆಸರು ಬರೆಸಿಬಿಟ್ಟಿದ್ದರು. ತಂದವನು ಬಾಗಿಲಲ್ಲಿ ನೆಟ್ಟಗೆ ನಿಂತು, ಅಂಗಿಯ ಗುಂಡಿ ಹಾಕಿಕೊಂಡು, “ಪೊಲೀಸಮ್ಮ ಅಂದ್ರೆ ತಾವೇನಾ ಮೇಡಂ?” ಎಂದು ಕೇಳಿದ. ಅದೇ ಪದದಿಂದ ಮುಂದೊಂದು ದಿನ ನಮ್ಮ ಇಡೀ ಓಣಿ ಎದ್ದುಬಿದ್ದು ಓಡಿತು. ಆ ದಿನದ ಕಥೆ ಹೇಳದೆ ತಹಾನಿಯ ಕಥೆ ಹೇಳಲು ಬರುವುದಿಲ್ಲ.

ನಾನು ಶಹಾತಾ, ಮರಕ್ಕೆ ಪಾಲಿಶ್ ಹಾಕುವವನು. ಈಜಿಪ್ಟಿನ ನಮ್ಮ ದುಮ್ಯಾತ್ ಊರಿನಲ್ಲಿ ಮಂಚ, ಸೋಫಾ, ಕಪಾಟು ಬಿಟ್ಟರೆ ಬೇರೆ ಕೆಲಸ ಇರುವವನು ಮೀನು ಹಿಡಿಯುತ್ತಾನೆ, ಇಲ್ಲವೇ ಮಿಶಬ್ಬಕ್ ಮಿಠಾಯಿ ಕರಿಯುತ್ತಾನೆ. ಕೈರೋದವರು ನಮ್ಮನ್ನು ಜಿಪುಣರೆಂದು ಆಡಿಕೊಳ್ಳುತ್ತಾರೆ. ಹಾಗೆ ಆಡಿಕೊಳ್ಳುವಾಗ ಅವರು ಕುಂಡೆಯೂರಿ ಕೂತಿರುವ ಕುರ್ಚಿ ನಮ್ಮದು, ಅದು ಅವರಿಗೆ ನೆನಪಾಗುವುದಿಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಜನ ಹೇಳುತ್ತಾರೆ. ಹಸಿ ಪಾಲಿಶಿನ ಮೇಲೆ ಮರದ ಹುಡಿ ಬಂದು ಕೂತರೆ ಯಾರಿಗಾದರೂ ಬರಬೇಕಾದ ಸಿಟ್ಟೇ ಅದು.

ಹಿಲ್ಮಿ ನನ್ನ ಜೊತೆಯವನು. ಉಸ್ತಾ ಹಿಲ್ಮಿ, ಎಂದರೆ ಮೇಸ್ತ್ರಿ ಹಿಲ್ಮಿ, ಈ ಓಣಿಯಲ್ಲಿ ಕೆತ್ತನೆಯ ಕೊನೆಯ ಮಾತು. ಅವನು ಕೆತ್ತಿದ ದಾಳಿಂಬೆಯನ್ನು ಪಾಲಿಶ್ ಮಾಡುವಾಗ ಬೆರಳಿಗೆ ಬೀಜ ಸಿಕ್ಕಂತಾಗುತ್ತಿತ್ತು. ಅಂಥವನ ಬಲಗೈಗೆ ನಡುಕ ಹತ್ತಿಕೊಂಡಿತು. ಮೊದಮೊದಲು ಚಹಾದ ಲೋಟ ತಟ್ಟೆಯ ಮೇಲೆ ಸದ್ದು ಮಾಡುತ್ತಿತ್ತು, ಆಮೇಲೆ ಉಳಿ ಗೆರೆ ತಪ್ಪತೊಡಗಿತು. ಒಂದು ದಿನ ಉಳಿಗಳನ್ನೆಲ್ಲ ಎಣ್ಣೆಬಟ್ಟೆಯಲ್ಲಿ ಸುತ್ತಿ ಒಳಗಿಟ್ಟ. ನಾನು ಪಾಲಿಶಿನ ಬಟ್ಟೆ ತೆಗೆದುಕೊಂಡು ನನ್ನ ಕುರ್ಚಿಗಳ ಕಡೆ ಹೋದೆ. ಏನಾದರೂ ಹೇಳಿದ್ದರೆ ಇಬ್ಬರೂ ಅತ್ತುಬಿಡುತ್ತಿದ್ದೆವು.

ಅದೇ ಹೊತ್ತಿಗೆ ಓಣಿಯ ಕಾರ್ಖಾನೆಗಳೆಲ್ಲ ಸೇರಿ ಕೆತ್ತುವ ಯಂತ್ರವೊಂದನ್ನು ತರಿಸಿದವು. ಕಂಪ್ಯೂಟರಿನಲ್ಲಿರುವ ನಕಾಶೆಯನ್ನು ಓದಿ ಅದರಂತೆಯೇ ಮರವನ್ನು ಕೊರೆಯುವ ಯಂತ್ರ ಅದು. ನಾನು ಅದನ್ನು ಕಂಡಕಂಡಲ್ಲಿ ಬೈದೆ. ಅದರ ಹುಡಿ ನನ್ನ ಪಾಲಿಶಿಗೆ ಶತ್ರು. ಆದರೆ ನಕಾಶೆಗಳನ್ನು ಇಡುವ ರೀತಿ ಮಾತ್ರ ಅಚ್ಚುಕಟ್ಟಾಗಿತ್ತು. ಕಂಪ್ಯೂಟರಿನಲ್ಲಿ ಪ್ರತಿ ಕಾರ್ಖಾನೆಗೊಂದು ಫೋಲ್ಡರು, ಅದರೊಳಗೆ ಕೆಲಸ ಕೊಟ್ಟವರ ಹೆಸರಿನ ಫೋಲ್ಡರು, ಅದರೊಳಗೆ ಮಂಚವೋ ಕಪಾಟೋ ಅದರ ನಕಾಶೆ. ಯಂತ್ರದ ಮುಂದೆ ನಿಂತವನು ಹೆಸರುಗಳನ್ನು ಹಾಕಿದರೆ ಪ್ರೋಗ್ರಾಂ ಅವನ್ನು ಜೋಡಿಸಿ ದಾರಿ ಮಾಡಿಕೊಂಡು ಹೋಗಿ ನಕಾಶೆ ತರಬೇಕು.

ಆ ಪ್ರೋಗ್ರಾಂ ಬರೆದುಕೊಟ್ಟವನು ಪಕ್ಕದ ಮನ್ಸೂರಾ ಊರಿನ ಒಬ್ಬ ಅವಸರದ ಮನುಷ್ಯ. ಹೆಸರುಗಳನ್ನು ಒಂದರ ಬಾಲಕ್ಕೆ ಒಂದು ಹಚ್ಚಿ, ನಡುನಡುವೆ ತಾನೇ ಗೆರೆ ಎಳೆದಿದ್ದ. ಒಂದು ಕಡೆ ಎರಡು ಗೆರೆ, ಇನ್ನೊಂದು ಕಡೆ ಗೆರೆಯೇ ಇಲ್ಲ. ಗೆರೆ ಬಿಟ್ಟಲ್ಲಿ ಎರಡು ಹೆಸರು ಅಂಟಿಕೊಂಡು, ಊರಲ್ಲೇ ಇಲ್ಲದ ಒಬ್ಬ ಮನುಷ್ಯ ಹುಟ್ಟುತ್ತಿದ್ದ. ಅವನ ಫೋಲ್ಡರು ಸಿಗದಿದ್ದಾಗ ಪ್ರೋಗ್ರಾಂ ಸುಮ್ಮನಿರುತ್ತಲೂ ಇರಲಿಲ್ಲ. ಎಲ್ಲಕ್ಕಿಂತ ಹೊರಗೆ, ಬಾಗಿಲಲ್ಲೇ ಬಿದ್ದಿದ್ದ ಒಂದು ನಕಾಶೆಯನ್ನು ಎತ್ತಿಕೊಳ್ಳುತ್ತಿತ್ತು. ಅದು ರಾಸ್ ಅಲ್-ಬರ್ ಸಮುದ್ರತೀರದ ಯಾವುದೋ ಹೋಟೆಲಿನ ಮಂಚಕ್ಕೆಂದು ಮಾಡಿದ್ದ ಹಂಸ. ಕತ್ತು ಬಳುಕಿಸಿ, ಎದೆ ಉಬ್ಬಿಸಿ ಕೂತ ಹಂಸ. ಓಣಿಯ ಕಾರ್ಖಾನೆಯೊಂದರ ಯಜಮಾನ ಹಾಜಿ ವಜ್ದಿಯ ಮಗ ಸಬ್ರಿ ಒಂದು ಕಪಾಟಿಗೆ ಬಳ್ಳಿ ಬೇಕೆಂದು ಹೇಳಿ ಚಹಾ ಕುಡಿಯಲು ಹೋದ, ಬಂದು ನೋಡಿದರೆ ಎರಡೂ ಬಾಗಿಲ ಮೇಲೆ ಹಂಸ. ಗಿರಾಕಿ ಒಬ್ಬ ಮಾಂಸದ ವ್ಯಾಪಾರಿ. “ಇದನ್ನ ಬಾತುಕೋಳಿ ಅಂದ್ಕೊಂಡು ಈರುಳ್ಳಿ ತುಂಬ್ಸಿ ಬೇಯ್ಸಲಾ?” ಎಂದು ಕೇಳಿ ಹೋದ.

ಆಗ ತಹಾನಿ ಬಂದಳು. ಅವಳು ಕಂಪ್ಯೂಟರ್ ಓದಿದವಳು, ಆವರೆಗೆ ಬಂದರಿನ ಹತ್ತಿರದ ಒಂದು ಕಚೇರಿಯಲ್ಲಿದ್ದಳು. ಓಣಿಯ ಮಧ್ಯೆ ನಿಂತು, “ಯಂತ್ರದ ಬುದ್ಧಿ ನಂಗೆ ಕೊಡಿ, ನಾನು ನೋಡ್ಕೋತೀನಿ” ಎಂದಳು. ಯಾರೂ ಕೇಳಿರಲಿಲ್ಲ, ಯಾರ ಶಿಫಾರಸೂ ಇರಲಿಲ್ಲ. ಅವಳು ಹಾಗೆ ಹೇಳಿದ ಧಾಟಿಗೆ ಎಲ್ಲರೂ ತಲೆಯಾಡಿಸಿದೆವು. ಮಾಡಬಲ್ಲೆ ಎಂದು ಗೊತ್ತಿದ್ದವಳ ದನಿ ಅದು, ಅದರಲ್ಲಿ ಜಂಬವಿರಲಿಲ್ಲ.

ಮೊದಲ ವಾರ ಅವಳು ಪ್ರೋಗ್ರಾಮಿಗೆ ಕೈ ಹಚ್ಚಲೇ ಇಲ್ಲ. ಮೊಬೈಲು ಹಿಡಿದುಕೊಂಡು ಅಂಗಡಿ ಅಂಗಡಿಗೆ ಹೋಗಿ, “ನಿಮ್ಮ ಹೆಸ್ರು ನಿಮ್ಗೆ ಇಷ್ಟ ಬಂದ ಹಾಗೆ ಬರೀರಿ” ಎಂದು ಮುಂದೆ ಚಾಚುತ್ತಿದ್ದಳು. ನಾನು ಬರೆದೆ: ಉಸ್ತಾ, ಒಂದು ಓರೆಗೆರೆ, ಶಹಾತಾ. ಎಲ್ಲರೂ ಹಾಗೆಯೇ ಬರೆದಿದ್ದರು. ಹಾಜಿ, ಗೆರೆ, ವಜ್ದಿ. ಡಾಕ್ಟರ್, ಗೆರೆ, ಇಂಥವರು. ಮದುವೆಯ ಕರೆಯೋಲೆಯಿಂದ ಹಿಡಿದು ಗೋರಿಯ ಕಲ್ಲಿನವರೆಗೆ ನಾವು ಬರೆಯುವುದು ಹೀಗೆಯೇ. ಬಿರುದಿಗೂ ಹೆಸರಿಗೂ ನಡುವೆ ಒಂದು ಗೆರೆ ಇಲ್ಲದಿದ್ದರೆ, ಯಾರೋ ನಮ್ಮನ್ನು ಬೀದಿಯಲ್ಲಿ ಏಯ್ ಎಂದು ಕೂಗಿದಂತಿರುತ್ತದೆ.

ತಹಾನಿ ಮೊಬೈಲು ತಿರುಗಿಸಿ ನನಗೂ ಅವಳಪ್ಪನಿಗೂ ತೋರಿಸಿದಳು. “ನೋಡಿ ಚಿಕ್ಕಪ್ಪ, ನೀವೆಲ್ಲ ಗೌರವಕ್ಕೆ ಹಾಕೋ ಗೆರೆ ಕಂಪ್ಯೂಟರಿಗೆ ಬಾಗಿಲು. ಹಾಜಿ ಗೆರೆ ವಜ್ದಿ ಅಂದ್ರೆ, ಹಾಜಿ ಅನ್ನೋ ಮನೆ ಒಳಗೆ ವಜ್ದಿ ಅನ್ನೋ ಕೋಣೆ ಅಂದ್ಕೊಳುತ್ತೆ. ಪಾಪ, ಅದು ಹೋಗಿ ಹಾಜಿ ಅನ್ನೋ ಮನೆ ಹುಡುಕತ್ತೆ.”

“ಹಾಗಾದ್ರೆ ಗೆರೆ ಹಾಕ್ಬೇಡಿ ಅಂತ ಬೋರ್ಡ್ ಬರ್ಸಿ ನೇತಾಕು” ಎಂದೆ.

“ಯಾಕೆ? ನಿಮ್ಮ ಮರ್ಯಾದೆ ತೆಗ್ಯೋಕೆ ನಾನು ಬಂದ್ನಾ? ಗೆರೆ ಲೇಬಲ್ ಮೇಲೆ ಇರ್ಲಿ, ದಾರೀಲಿ ಬೇಡ. ಬಿರುದಿಗೆ ಒಂದು ಖಾನೆ, ಹೆಸ್ರಿಗೆ ಒಂದು ಖಾನೆ ಮಾಡ್ತೀನಿ. ಲೇಬಲ್ ಅಚ್ಚು ಹಾಕುವಾಗ ನಾನೇ ನಡುವೆ ಗೆರೆ ಎಳೀತೀನಿ, ಬೇಕಾದ್ರೆ ದಪ್ಪಗೆ.”

ದಾರಿ ಜೋಡಿಸುವುದನ್ನು ಮಾತ್ರ ಅವಳು ಕೈಯಿಂದ ಮಾಡಲೇ ಇಲ್ಲ. ಅವಳು ಬರೆಯುವ ಭಾಷೆಯಲ್ಲಿ ಅದಕ್ಕೆಂದೇ ಒಂದು ಉಪಕರಣವಿದೆಯಂತೆ. ತುಂಡುಗಳನ್ನು ಬಿಡಿಬಿಡಿಯಾಗಿ ಅದರ ಕೈಗೆ ಕೊಟ್ಟರೆ, ಬೇಕಾದಲ್ಲಿ ಒಂದೇ ಒಂದು ಗೆರೆ ಹಾಕಿ ಕೂಡಿಸುತ್ತದೆ. ಯಂತ್ರ ಬದಲಾದರೂ, ಆ ಯಂತ್ರದ ಗೆರೆ ಆ ಕಡೆ ವಾಲಿದರೂ ಈ ಕಡೆ ವಾಲಿದರೂ, ಅದೇ ನೋಡಿಕೊಳ್ಳುತ್ತದೆ. ಹಿಲ್ಮಿಗೆ ಇದು ಕೂಡಲೇ ತಿಳಿಯಿತು. “ಅಂಟು ಬಳ್ದು ಒತ್ತಿ ಹಿಡಿಯೋದು ಸೇರ್ಸೋದಲ್ಲ. ಒಂದು ಮರದ ನಾಲಿಗೆ ಇನ್ನೊಂದ್ರ ತೂತಲ್ಲಿ ಕೂರ್ಬೇಕು. ಆ ಮನ್ಸೂರಾದವ್ನು ಅಂಟು ಬಳ್ದಿದ್ದ” ಎಂದ.

“ಸರಿಯಾಗಿ ಹೇಳ್ದೆ ಅಪ್ಪ. ಆದ್ರೆ ಈ ಉಪಕರಣಕ್ಕೂ ಒಂದು ಸ್ವಭಾವ ಇದೆ” ಎಂದು ಅವಳು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. “ಕೊಟ್ಟ ತುಂಡು ಗೆರೆಯಿಂದಲೇ ಶುರುವಾದ್ರೆ, ಅದ್ರ ಹಿಂದಿರೋದನ್ನೆಲ್ಲ ಎಸ್ದುಬಿಡತ್ತೆ. ಎಲ್ಲಾ ಶುರುವಾಗೋದು ಇಲ್ಲಿಂದಲೇ ಅಂತ ಅದಕ್ಕೆ ಅರ್ಥ.”

“ಹಾಗಾದ್ರೆ ಅಂಥ ಗೆರೇನ ನೀನೇ ಅಳಿಸ್ಬಿಡು, ಕೇಳೋದೇನು” ಎಂದೆ ನಾನು.

“ಇಲ್ಲ. ಗೆರೆಗೆ ಮುಂಚೆ ಒಂದು ಮಾತು ಬಿಟ್ಟು ಹೋಗಿದ್ಯೋ, ಕೈ ಜಾರಿ ಗೆರೆ ಬಿದ್ದಿದ್ಯೋ, ನಂಗೆ ಹೇಗೆ ಗೊತ್ತಾಗ್ಬೇಕು? ಊಹೆ ಮಾಡಿ ಕೆತ್ತೋ ಯಂತ್ರ ಬೇಡ ನಂಗೆ. ದಾರಿ ಕಾರ್ಖಾನೆ ಫೋಲ್ಡರಿನಿಂದ ಹೊರಗೆ ಹೋಯ್ತು ಅಂದ್ರೆ ನಿಲ್ಲತ್ತೆ, ನಿಂತು ಕೇಳತ್ತೆ. ಮರ ವಾಪಸ್ ಬೆಳ್ಯಲ್ಲ ಚಿಕ್ಕಪ್ಪ.”

ಹೀಗೆ ಹೇಳಿ ಅವಳು ಬಾಗಿಲಲ್ಲಿ ಬಿದ್ದಿದ್ದ ಹಂಸವನ್ನೂ ಅಲ್ಲಿಂದ ತೆಗೆದು ಅದರ ಹೋಟೆಲಿನ ಫೋಲ್ಡರಿಗೆ ಹಾಕಬಹುದಿತ್ತು. ಹೋಟೆಲಿನವರ ಹಳೆಯ ಕೆಲಸ ಹಳೆಯ ಪ್ರೋಗ್ರಾಮಿನಲ್ಲೇ ನಡೆಯುತ್ತಿದ್ದುದರಿಂದ ಅದು ಮುಗಿಯುವವರೆಗೆ ಅಲ್ಲೇ ಇರಲೆಂದು ಬಿಟ್ಟಿದ್ದಳು. ಹಳೆಯ ಪ್ರೋಗ್ರಾಂ ಕೂಡ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಇತ್ತು.

ಇನ್ನು ಹಾಜಿ ವಜ್ದಿಯ ಹಲಗೆಯ ವಿಷಯ. ಮೊಮ್ಮಗಳು, ಸಬ್ರಿಯ ಮಗಳು ಯುಸ್ರಾ ಹುಟ್ಟಿದ ವಾರ ಅವನು ಅಗಲವಾದ ಒಂದು ಅಕ್ರೋಟ್ ಹಲಗೆಯನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದ. ಅವಳ ಮಂಚದ ತಲೆಭಾಗಕ್ಕೆ ಎಂದು. ಈಗ ಅಷ್ಟಗಲದ ಅಕ್ರೋಟ್ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಎಷ್ಟೋ ವ್ಯಾಪಾರಿಗಳು ಬಂದು ಗೋಣಿ ಸರಿಸಿ ನೋಡಿ ನಿಟ್ಟುಸಿರು ಬಿಟ್ಟು ಹೋಗಿದ್ದರು. ಯುಸ್ರಾಳ ಮದುವೆ ಗೊತ್ತಾದಾಗ ಹಾಜಿ ನೆಟ್ಟಗೆ ಹಿಲ್ಮಿಯ ಮನೆಗೆ ಬಂದ. “ನೀನೇ ಕೆತ್ತಬೇಕು” ಎಂದ. ಹಿಲ್ಮಿ ತನ್ನ ಕೈಯನ್ನು ಮೇಜಿನ ಮೇಲಿಟ್ಟ. ಅದು ಅಲ್ಲಿ ತನ್ನಷ್ಟಕ್ಕೆ ನಡುಗುತ್ತಿತ್ತು. ಹಾಜಿ ಮುಖ ತಿರುಗಿಸಿಕೊಂಡ.

“ಅಪ್ಪನೇ ಕೆತ್ತೋದು” ಎಂದಳು ತಹಾನಿ, ಚಹಾ ತಂದಿಡುತ್ತ. “ಅಪ್ಪನ ಕಣ್ಣು, ನನ್ನ ಬೆರಳು, ಯಂತ್ರದ ಉಳಿ.”

“ಮೊಮ್ಮಗಳ ಮಂಚದ ಮೇಲೆ ಹಂಸ ಕೂರ್ಸೋ ಯಂತ್ರನಾ?”

“ಹಾಜಿ ದೊಡ್ಡಪ್ಪ, ನನ್ನ ಪ್ರೋಗ್ರಾಂ ಬಂದ ಮೇಲೆ ಒಂದಾದ್ರೂ ಹಂಸ ಕಂಡ್ರಾ? ನಿಮ್ಮ ಹಲಗೆ ಮೇಲೆ ಒಂದು ತಪ್ಪು ಗೀರು ಬಿದ್ರೆ ಅವತ್ತೇ ಯಂತ್ರಕ್ಕೆ ಬೀಗ ಹಾಕಿ ಬೀಗದ ಕೈ ನಿಮ್ಮ ಅಂಗೈಲಿ ಇಡ್ತೀನಿ. ಆಮೇಲೆ ಈ ಓಣಿಗೆ ಕಾಲಿಡಲ್ಲ.”

ಹಿಲ್ಮಿಗೆ ಕೆತ್ತನೆಯ ಕೆಲಸ ಇನ್ನೊಂದು ಉಳಿದಿದ್ದರೆ ಅದು ಇದೊಂದೇ ಎಂದು ನಮಗೆಲ್ಲ ಗೊತ್ತಿತ್ತು. ಹಾಜಿ ಗಡ್ಡ ಕೆರೆದುಕೊಂಡು, ಚಹಾ ಕುಡಿದು, “ಸಕ್ಕರೆ ಕಮ್ಮಿ” ಎಂದ. ನಮ್ಮಲ್ಲಿ ಅದು ಒಪ್ಪಿಗೆ.

ಅಪ್ಪ ಮಗಳು ಕೂತು ನಕಾಶೆ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದೆ. ಎರಡು ಹುದ್‌ಹುದ್ ಹಕ್ಕಿಗಳು, ಎಂದರೆ ಜುಟ್ಟಿನ ಚಂದ್ರಮುಕುಟಗಳು, ನಡುವೆ ಒಡೆದ ದಾಳಿಂಬೆ. ಅವನು ಹೇಳುವನು, ಅವಳು ಪರದೆಯ ಮೇಲೆ ಎಳೆಯುವಳು. “ಕತ್ತು ಇನ್ನೂ ಸ್ವಲ್ಪ ಬಾಗಿಸು. ಅಷ್ಟಲ್ಲ! ಅದೇನು ಸಲಾಂ ಹೊಡೀತಿದ್ಯಾ? ಜುಟ್ಟು ಬಿಚ್ಚು. ಹಾಂ, ಈಗ ನೋಡು, ಹೆಣ್ಣಿನ ಕಡೆ ನೋಡ್ತಿದೆ.” ಹಾಗೆ ಬೈದು ಬೈದು ಹಿಲ್ಮಿ ಎಷ್ಟೋ ತಿಂಗಳ ಮೇಲೆ ನಕ್ಕ. ಆ ನಗು ಕೇಳಿ ನಾನು ಯಂತ್ರವನ್ನು ಬೈಯುವುದನ್ನು ಸ್ವಲ್ಪ ಕಡಿಮೆ ಮಾಡಿದೆ.

ಮದುವೆ ಗುರುವಾರ. ಹೆಣ್ಣಿನ ಸಾಮಾನು ಬುಧವಾರ ಡೋಲು ಬಾರಿಸಿಕೊಂಡು ಗಾಡಿ ಏರಬೇಕು, ಅದಕ್ಕೂ ಮೊದಲು ನನ್ನ ಪಾಲಿಶ್ ಒಣಗಬೇಕು. ಹಿಂದಿನ ಶನಿವಾರ ಕೆತ್ತುವುದೆಂದು ಮಾತಾಗಿತ್ತು. ಅಂದು ಬೆಳಿಗ್ಗೆ ತಹಾನಿ ಅಪ್ಪನ ಕೈ ತೋರಿಸಲು ಅವನನ್ನು ಮನ್ಸೂರಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹಲಗೆಯನ್ನು ತಾನೇ ಯಂತ್ರಕ್ಕೆ ಬಿಗಿದು, ಅಳತೆ ನೋಡಿ, “ಮಧ್ಯಾಹ್ನ ಬಂದು ಶುರು ಮಾಡ್ತೀನಿ” ಎಂದು ಹೇಳಿ ಹೋಗಿದ್ದಳು.

ಹಾಜಿ ವಜ್ದಿ ಕಾಯುವ ಪೈಕಿಯವನಲ್ಲ. ರಂಜಾನಿನಲ್ಲಿ ಬಾಂಗ್ ಆಗುವ ಮೊದಲೇ ಖರ್ಜೂರ ಕೈಯಲ್ಲಿ ಹಿಡಿದು ಮೌಲ್ವಿಗೆ ಫೋನ್ ಮಾಡುವ ಆಸಾಮಿ. ಮಧ್ಯಾಹ್ನದ ದುಹರ್ ನಮಾಜು ಮುಗಿಸಿ ನೇರ ಯಂತ್ರದ ಕೋಣೆಗೆ ಬಂದ. ಹಿಂದೆ ಸಬ್ರಿ, ಅವನ ಹಿಂದೆ ನಾನು.

“ಅವ್ಳು ಬರ್ಲಿ ಹಾಜಿ” ಎಂದೆ.

“ಯಾಕೋ, ನಂಗೆ ನನ್ನ ಹೆಸ್ರು ಬರ್ಯೋಕೆ ಬರಲ್ವಾ?” ಎಂದು ಕನ್ನಡಕ ಏರಿಸಿದ. ಕಾರ್ಖಾನೆಯ ಖಾನೆಯಲ್ಲಿ ತುಲ್ಬಾ ಎಂದು ಆರಿಸಿದ. ಅದು ಅವನ ಅಪ್ಪನ ಹೆಸರು. ಕಾರ್ಖಾನೆ ಕಟ್ಟಿದವನು ಅವನೇ, ಬೋರ್ಡಿನ ಮೇಲೆ ಇಂದಿಗೂ ಅವನ ಹೆಸರೇ ಇದೆ. ಬಿರುದಿನ ಖಾನೆಯಲ್ಲಿ ಹಾಜಿ ಎಂದು ಒತ್ತಿದ. ಆಮೇಲೆ ಹೆಸರಿನ ಖಾನೆಗೆ ಬಂದು, ಎಷ್ಟೋ ವರ್ಷಗಳಿಂದ ಬಂದ ರೂಢಿಯಂತೆ, ಮೊದಲು ಒಂದು ಗೆರೆ ಒತ್ತಿ ಆಮೇಲೆ ವಜ್ದಿ ಎಂದು ಬರೆದ. ಯುಸ್ರಾಳ ಮಂಚ ಎಂದು ಸೇರಿಸಿ, ಬಿಸ್ಮಿಲ್ಲಾ ಹೇಳಿ, ಶುರು ಎಂಬ ಗುಂಡಿ ಅದುಮಿದ.

ಯಂತ್ರ ಒಮ್ಮೆ ತಲೆಯೆತ್ತಿ, ಹಾಗೇ ನಿಂತಿತು. ಪರದೆಯ ಮೇಲೆ ಕೆಂಪಕ್ಷರದಲ್ಲಿ ಒಂದು ಸಾಲು ಬಂತು. ಹೆಸರಿನ ಮುಂದೆ ಗೆರೆಯಿದೆ, ತೆಗೆಯಿರಿ ಎಂದು ಅದರ ಅರ್ಥ. ಆದರೆ ಹಾಜಿಯ ಕನ್ನಡಕಕ್ಕೆ ಹೆಸರು ಎಂಬ ಮಾತು ಬೀಳಲೇ ಇಲ್ಲ, ಶರ್ತಾ ಅವನಿಗೆ ಶುರ್ತಾ ಆಯಿತು. ಅವನು ಗಟ್ಟಿಯಾಗಿ ಓದಿದ್ದು ಹೀಗೆ: “ಮುಂದೆ ಪೊಲೀಸ್ ಇದೆ! ತೆಗೀರಿ!”

ನಮ್ಮ ಓಣಿಯಲ್ಲಿ ಮುಂದೆ ಎಂದರೆ ಫುಟ್‌ಪಾತು. ಫುಟ್‌ಪಾತಿನ ಮೇಲೆ ಎಲ್ಲರ ಮರ, ಅರ್ಧ ಮಾಡಿದ ಸೋಫಾ, ನನ್ನ ಒಣಗುವ ಕುರ್ಚಿಗಳು. ತೆರವಿನ ಗಾಡಿ ಬಂದರೆ ಎಲ್ಲವನ್ನೂ ಹೇರಿಕೊಂಡು ಹೋಗುತ್ತದೆ. ಸಬ್ರಿ ಬಾಗಿಲಿಗೆ ಹಾರಿ, “ಸರ್ಕಾರ ಬಂತು! ಸರ್ಕಾರ!” ಎಂದು ಕಿರುಚಿದ.

ಆಮೇಲಿನದನ್ನು ನೋಡಬೇಕಿತ್ತು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮರ ನಡೆಯತೊಡಗಿತು. ಎದುರುಮನೆಯವನು ಮುಗಿದ ಕಪಾಟನ್ನು ಅಪ್ಪಿಕೊಂಡು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡ. ನಾನು ಹಸಿ ಪಾಲಿಶಿನ ಎರಡು ಕುರ್ಚಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಓಡಿದೆ, ಆ ಅಂಗಿ ಈಗಲೂ ಕಂದು. ಮಿಶಬ್ಬಕ್ ಕರಿಯುವವನಿಗೂ ಇದಕ್ಕೂ ಏನೂ ಸಂಬಂಧವಿರಲಿಲ್ಲ, ಅವನು ಕೂಡ ಬಾಣಲೆ ಎತ್ತಿಕೊಂಡು ಒಳಗೆ ಹೋದ. ಓಣಿ ಬೋಳಾಗಿ ನಿಂತಿತು. ನಾವೆಲ್ಲ ಕದದ ಸಂದಿಯಿಂದ ಇಣುಕಿದೆವು. ಒಂದು ಬೆಕ್ಕು ಬಂದು, ಇಷ್ಟು ಜಾಗ ಯಾವತ್ತೂ ಕಂಡಿರದೆ, ನಡುಬೀದಿಯಲ್ಲಿ ಮೈಚಾಚಿ ಮಲಗಿತು.

ಪೊಲೀಸು ಬರಲಿಲ್ಲ. ಹಾಜಿ ಬೆವರು ಒರೆಸಿಕೊಳ್ಳುತ್ತ ಯಂತ್ರದ ಮುಂದೆ ಬಂದ. ಕೆಂಪು ಸಾಲು ಹಾಗೇ ಇತ್ತು.

“ಈ ಯಂತ್ರಕ್ಕೆ ಹುಚ್ಚು” ಎಂದ ಸಬ್ರಿ. “ಅಪ್ಪ, ಹಳೇ ಪ್ರೋಗ್ರಾಂ ಇನ್ನೂ ಇದೆ. ಅದು ಹೀಗೆಲ್ಲ ನಿಂತು ಭಾಷಣ ಮಾಡಲ್ಲ. ಹಾಕ್ಲಾ?”

ಹಾಕಿದ್ದರೆ ಅದು ನಿಲ್ಲುತ್ತಲೇ ಇರಲಿಲ್ಲ, ನಿಜ. ತುಲ್ಬಾನ ಹೆಸರಿನ ಬಾಲಕ್ಕೆ ಎರಡು ಗೆರೆ ಹಚ್ಚಿಯೋ, ಒಂದನ್ನೂ ಹಚ್ಚದೆಯೋ, ಎಲ್ಲೂ ಇಲ್ಲದ ಮನೆ ಹುಡುಕಿ, ಕೊನೆಗೆ ಬಾಗಿಲಲ್ಲಿ ಬಿದ್ದದ್ದನ್ನು ಎತ್ತಿಕೊಳ್ಳುತ್ತಿತ್ತು. ಬಿಗಿದಿಟ್ಟ ಹಲಗೆಯ ಮೇಲೆ ಕಿಟಕಿಯ ಬಿಸಿಲು ಬಿದ್ದು ಅದರ ನಾರು ಜೇನಿನ ಬಣ್ಣಕ್ಕೆ ತಿರುಗಿತ್ತು. ನಾನು ಹೋಗಿ ಹಲಗೆಗೂ ಯಂತ್ರಕ್ಕೂ ನಡುವೆ ಕೈ ಚಾಚಿ ನಿಂತೆ.

“ಹಾಕು ನೋಡೋಣ. ನನ್ನ ಬೆನ್ನ ಮೇಲೆ ಹಂಸ ಕೆತ್ತಿಸ್ಕೊಂಡು ಹೋಗ್ತೀನಿ. ಹಾಜಿ, ಮೊದ್ಲು ಅವ್ಳಿಗೆ ಫೋನ್ ಮಾಡು!”

ಹಾಜಿ ಗೊಣಗುತ್ತ ಫೋನ್ ಮಾಡಿದ, ಎಲ್ಲರಿಗೂ ಕೇಳುವಂತೆ ಇಟ್ಟ. ಆ ಕಡೆ ಬಸ್ಸಿನ ಸದ್ದು.

“ಏನಮ್ಮಾ ಇಂಜಿನಿಯರ್ ಮೇಡಂ, ನಿನ್ನ ಯಂತ್ರ ಓಣಿಗೆಲ್ಲ ಪೊಲೀಸ್ ಕರ್ಸಿದೆ.”

“ಪೊಲೀಸಾ? ಏನಂತ ಬಂದಿದೆ ಓದಿ ದೊಡ್ಡಪ್ಪ. ಪೂರ್ತಿ ಓದಿ. ನಿಧಾನಕ್ಕೆ.”

ಅವನು ಓದಿದ. ಈ ಸಲ ಹೆಸರು ಎಂಬ ಮಾತೂ ಸಿಕ್ಕಿತು. ಬಸ್ಸಿನಲ್ಲಿ ತಹಾನಿ ನಕ್ಕಿದ್ದು ಕೇಳಿಸಿತು, ಪಕ್ಕದಲ್ಲಿ ಹಿಲ್ಮಿ ಏನಾಯಿತೆಂದು ಕೇಳಿದ್ದೂ ಕೇಳಿಸಿತು.

“ಪೊಲೀಸ್ ಅಲ್ಲ ದೊಡ್ಡಪ್ಪ, ಗೆರೆ. ಹೆಸ್ರಿನ ಮುಂದೆ ಗೆರೆ ಹಾಕಿದೀರಾ. ಅದನ್ನ ಅಳಿಸಿ ಗುಂಡಿ ಒತ್ತಿ, ನಾನು ಬರೋವರ್ಗೂ ಕಾಯೋದೇ ಬೇಡ.”

ಹಾಜಿಯ ಮುಖ ಕೆಂಪಾಯಿತು. ಓಣಿಯವರೆಲ್ಲ ಕಿಟಕಿಯಲ್ಲಿ ತುಂಬಿದ್ದರು. “ಅಳ್ಸಲ್ಲ. ನನ್ನ ಮರ್ಯಾದೆ ಗೆರೆ ಅದು. ಮಕ್ಕಾಗೆ ಹೋಗಿ ಬಂದ ದಿನದಿಂದ ಹಾಗೇ ಬರೀತಿದೀನಿ. ಯಂತ್ರಕ್ಕೋಸ್ಕರ ನಾನು ಸಣ್ಣೋನಾಗ್ಬೇಕಾ? ನೀನು ಬಂದು ಯಂತ್ರಾನೇ ಸರಿ ಮಾಡು.”

“ಯಂತ್ರ ಸರಿಯಾಗೇ ಇದೆ” ಎಂದಳು ತಹಾನಿ. ಬೇರೆ ಯಾರಾದರೂ ಆಗಿದ್ದರೆ ಆ ಹೊತ್ತಿಗೆ ಕ್ಷಮೆ ಕೇಳಿ, ಬಸ್ಸು ಇಳಿದು ಓಡಿ ಬರುತ್ತಿದ್ದರು. ಅವಳ ದನಿ ಒಂದಿಷ್ಟೂ ಅಲುಗಲಿಲ್ಲ. “ದೊಡ್ಡಪ್ಪ, ಒಂದು ಮಾತು ಕೇಳ್ತೀನಿ. ದಾರೀಲಿ ಮೊದ್ಲು ಯಾರ ಹೆಸ್ರಿದೆ?”

“ತುಲ್ಬಾ. ನಮ್ಮಪ್ಪ.”

“ಆಮೇಲೆ?”

“ನಾನು.”

“ನಡುವೆ ಗೆರೆ ನಾನು ಹಾಕ್ತೀನಿ. ಅದು ಅಪ್ಪನ್ನ ಮಗನಿಗೆ ಸೇರ್ಸೋ ಗೆರೆ. ನೀವು ನಿಮ್ಮ ಹೆಸ್ರಿನ ತಲೆ ಮೇಲೇ ಒಂದು ಗೆರೆ ಹಾಕಿದ್ರೆ ಯಂತ್ರಕ್ಕೆ ಬೇರೆ ಅರ್ಥ. ವಜ್ದಿ ನನ್ನಿಂದಲೇ ಶುರು, ನನ್ನ ಹಿಂದೆ ಯಾರೂ ಇಲ್ಲ ಅಂತಿದಾನೆ ಅಂದ್ಕೊಳುತ್ತೆ. ಹಿಂದಿರೋರನ್ನ ಹೊರಗೆ ಹಾಕತ್ತೆ. ನಿಮ್ಮಪ್ಪನ್ನ ಹೊರಗೆ ಹಾಕೋಕೆ ನಂಗೆ ಮನಸ್ಸು ಬರ್ಲಿಲ್ಲ, ಅದಕ್ಕೇ ನಿಲ್ಲೋ ಹಾಗೆ ಮಾಡಿದೀನಿ.”

ಹಾಜಿ ವಜ್ದಿ ಪರದೆಯನ್ನೇ ನೋಡುತ್ತಿದ್ದ. ತುಲ್ಬಾ ತೀರಿಕೊಂಡಾಗ ನಾನು ಇನ್ನೂ ಕೆಲಸ ಕಲಿಯುತ್ತಿದ್ದೆ, ಈ ವಜ್ದಿ ಗೋರಿಯಿಂದ ಏಳದೆ ಕೂತದ್ದನ್ನು ನೋಡಿದ್ದೇನೆ. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ಥೂ! ನಂಗೇನು ಅಪ್ಪ ಇಲ್ವಾ?” ಎಂದ. “ಸಬ್ರಿ, ಅಳ್ಸೋ ಗುಂಡಿ ಯಾವ್ದೋ? ಬೇಡ, ನೀನು ಮುಟ್ಬೇಡ. ತೋರ್ಸು ಸಾಕು. ನಾನೇ ಅಳಿಸ್ತೀನಿ.”

ಗೆರೆ ಅಳಿಸಿದ. ಮತ್ತೊಮ್ಮೆ ಬಿಸ್ಮಿಲ್ಲಾ ಹೇಳಿ ಗುಂಡಿ ಅದುಮಿದ. ಯಂತ್ರ ತಲೆಯೆತ್ತಿತು, ಈ ಸಲ ತಗ್ಗಿಸಿ ಹಲಗೆಗೆ ಮೂಗು ಹಚ್ಚಿತು. ಹುಡಿ ಹಾರಿತು. ಮೊದಲು ಬಾಗಿದ ಒಂದು ಗೆರೆ ಮೂಡಿತು, ಕಿಟಕಿಯಲ್ಲಿದ್ದವನೊಬ್ಬ “ಹಂಸದ ಕತ್ತು!” ಎಂದು ನರಳಿದ. ನಾನು ಅವನನ್ನು ಬಾಯಿಗೆ ಬಂದಂತೆ ಬೈದೆ. ಆ ಗೆರೆ ಬಾಗಿ, ತುದಿಯಲ್ಲಿ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತು. ಹುದ್‌ಹುದ್ ಹಕ್ಕಿಯ ಜುಟ್ಟು. ನನ್ನ ಕಣ್ಣಲ್ಲಿ ನೀರು ಬಂತು, ಹುಡಿಯಿಂದ ಎಂದು ಎಲ್ಲರಿಗೂ ಹೇಳಿದೆ.

ಅಪ್ಪ ಮಗಳು ಬರುವ ಹೊತ್ತಿಗೆ ದಾಳಿಂಬೆಯೂ ಒಡೆದಿತ್ತು. ಕೈ ವಿಷಯಕ್ಕೆ ಡಾಕ್ಟರು ಹೊಸದೇನೂ ಹೇಳಿರಲಿಲ್ಲವಂತೆ. ಹಿಲ್ಮಿ ಯಾರಿಗೂ ಸಲಾಂ ಹೇಳದೆ ನೇರವಾಗಿ ಹಲಗೆಯ ಹತ್ತಿರ ಹೋಗಿ, ಬಾಯಿಂದ ಹುಡಿ ಊದಿ, ಬಲಗೈಯನ್ನು ಗಂಡುಹಕ್ಕಿಯ ಕತ್ತಿನ ಮೇಲಿಟ್ಟ. ಕೈ ನಡುಗುತ್ತಿತ್ತು. ಮರದಲ್ಲಿ ನಡುಕವಿರಲಿಲ್ಲ. ಅವನು ಹಕ್ಕಿಯ ಬೆನ್ನನ್ನು ಪೂರ್ತಿ ಸವರಿ, “ಕಣ್ಣು ಇನ್ನೂ ಒಂಚೂರು ಆಳ ಬೇಕಿತ್ತು” ಎಂದ. ತಹಾನಿ “ಮುಂದಿನ್ಸಲ ಅಪ್ಪ” ಎಂದಳು. ಮುಂದಿನ ಸಲ ಎಂಬ ಮಾತನ್ನು ಅವನು ಎರಡು ಸಲ ತಾನೇ ಹೇಳಿಕೊಂಡ.

ಅಂದೇ ಅವಳು, ಹೋಟೆಲಿನ ಕೆಲಸ ಮುಗಿಯಲೆಂದು ಕಾಯದೆ, ಹಳೆಯ ಪ್ರೋಗ್ರಾಂ ಅಳಿಸಿ, ಹಂಸವನ್ನು ಅದರ ಹೋಟೆಲಿನ ಫೋಲ್ಡರಿಗೆ ಕಳಿಸಿದಳು. ಪರದೆಯ ಮೇಲಿನ ಸಾಲಿನಲ್ಲಿ ಗೆರೆ ಎಂಬಲ್ಲಿ ಸ್ವರಚಿಹ್ನೆಯನ್ನೂ ಹಾಕಿದಳು. ನಮ್ಮ ಓಣಿಯಲ್ಲಿ ಸ್ವರ ಹಾಕಿ ಬರೆದ ಪದ ಇದ್ದರೆ ಅದೊಂದೇ.

ಬುಧವಾರ ಗಾಡಿ ಬಂತು, ಡೋಲು ಬಂತು. ಮಂಚದ ಹಿಂಭಾಗಕ್ಕೆ ಅಂಟಿಸುವ ಲೇಬಲ್ಲನ್ನು ತಹಾನಿ ಅಚ್ಚು ಹಾಕಿ ತಂದಿದ್ದಳು, ಬಿರುದು, ದಪ್ಪನೆಯ ಗೆರೆ, ಹೆಸರು, ಎಲ್ಲ ಹಾಜಿಯ ಮನಸ್ಸಿನಂತೆಯೇ. ಹಾಜಿ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡ. ಹಿಲ್ಮಿಯ ಎಣ್ಣೆಬಟ್ಟೆ ತರಿಸಿ, ಅದರಿಂದ ಒಂದು ಸಣ್ಣ ಉಳಿ ತೆಗೆದು, ಹಲಗೆಯ ಬೆನ್ನ ಮೇಲೆ ತಾನೇ ಒರಟಾಗಿ ಕೊರೆದ: ತುಲ್ಬಾ, ಗೆರೆ, ವಜ್ದಿ, ಗೆರೆ, ಸಬ್ರಿ, ಗೆರೆ, ಯುಸ್ರಾ. ಅಷ್ಟಕ್ಕೇ ನಿಲ್ಲಿಸದೆ ಯುಸ್ರಾಳ ಹೆಸರಿನ ಆಚೆಗೂ ಇನ್ನೊಂದು ಗೆರೆ ಎಳೆದು ಉಳಿ ಕೆಳಗಿಟ್ಟ.

“ತಾತ, ಕೊನೇಲಿ ಒಂದು ಗೆರೆ ಸುಮ್ನೆ ಉಳ್ದುಬಿಟ್ಟಿದೆ” ಎಂದಳು ಯುಸ್ರಾ. “ಅದರಾಚೆ ಏನೂ ಇಲ್ವಲ್ಲ.”

ಹಾಜಿ ತಹಾನಿಯ ಕಡೆ ನೋಡಿದ. “ನೀನು ಹೇಳ್ಬೇಡ, ನಂಗೊತ್ತು” ಎನ್ನುವಂತೆ ಕೈ ಅಡ್ಡ ಹಿಡಿದ.

“ಇರ್ಲಿ ಬಿಡು ಮಗಳೇ” ಎಂದ. “ಬರೋರಿಗೆ ಬಾಗಿಲು.”

ಯುಸ್ರಾ ನಾಚಿ ಒಳಗೆ ಓಡಿದಳು. ನಾವು ಮಂಚ ಎತ್ತಿ ಗಾಡಿಗೆ ಹಾಕಿದೆವು.